ಬುಟ್ಟಿಯೊಳಗಿನ ರೊಟ್ಟಿ, ಹಗೇವಿನೊಳಗಿನ ಜ್ವಾಳ

ಅಕ್ಕಾರ, ವೈನ್ಯಾರ, ಓಣ್ಯಾಗಿನ ಗೆಳತ್ಯಾರ, ಹೋದ ಸಲ ಪುಂಡಿಪಲ್ಯಾದ ಬಗ್ಗೆ ಬರದಿದ್ದೆ, ಅದರ ಹಿಂದಿನ ಸಲ ಶೇಂಗಾ ಹಿಂಡಿ ಬಗ್ಗೆ. ಈ ಸಲ ಒಲಿ ಆರಿಸಿ ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದ ಕುಂಡ್ರೂಣು. ಯಾಕಂದ್ರ ನಿಮ್ಮೊಳಗ ನಾಕೈದು ಮಂದಿ ನನಗ ಒಂದ ಮಾತು ಕೇಳೀರಿ. "ಕುಬಸದ್ದೋ, ತೊಟ್ಟಿಲದ್ದೋ, ಮನಿ ಶಾಂತೀದ್ದೋ ವಿಡಿಯೋ ಮನ್ಯಾಗ ಕುಂತು ಜೋಡಸ್ತೀವಿ. ಸಣ್ಣ ಸಣ್ಣ ಭಾಗ ಮಾಡಿದಾಗ ಛಂದ ಓಡ್ತಾವು. ಎಲ್ಲಾ ಒಂದ್ರಾಗ ಕೂಡಿಸಿದ ಮ್ಯಾಲ ನಿಂತ ನಿಂತ ಓಡ್ತಾವು. ಒಳಗ ಹೆಸರು ತಿದ್ದಿದ್ರ ಹೊರಗ ಹಳೀ ಹೆಸರ ಕಾಣಸ್ತೈತಿ. ಯಾಕ?"

ಇದನ್ನ ಫೋನಿನ್ಯಾಗ ಹೇಳಾಕ ಹೋಗಿ ಇಬ್ಬರಿಗೆ ತಲಿ ಕೆಡ್ತು, ಅವರಿಗೂ ನನಗೂ. ಅದಕ್ಕ ಬರದ ಬಿಡ್ತೀನಿ. ಕಂಪ್ಯೂಟರಿನ ಮಾತು ಅಂತ ಅಂಜಬ್ಯಾಡ್ರಿ. ರೊಟ್ಟಿ ಬಡದು ಬುಟ್ಟಿ ತುಂಬಿದಾಕಿಗೆ ಇದು ತಿಳೀಲಾರದ್ದೇನಲ್ಲ.

ಮೊದಲು ಟೈಮ್‌ಲೈನ್. ವಿಡಿಯೋದ ತುಂಡು, ಫೋಟೋ, ಹಾಡು, ಅಕ್ಷರ ಎಲ್ಲಾನೂ ಒಂದರ ಹಿಂದ ಒಂದು ಸಾಲಾಗಿ ಹಚ್ಚಿಡೂ ಜಾಗಾಕ್ಕ ಟೈಮ್‌ಲೈನ್ ಅಂತಾರ. ಹಿತ್ತಲದಾಗ ಹಗ್ಗಕ್ಕ ಬಟ್ಟಿ ಒಣಹಾಕಿದಂಗ. ಕೆಲಸ ಸಣ್ಣದಿದ್ರ ಒಂದ ಹಗ್ಗ ಸಾಕು. ಆದ್ರ ಎರಡು ದಿನದ ಮದಿವಿ ಇತ್ತಂದ್ರ? ಅರಿಷಿಣ ಹಚ್ಚೂದು ಒಂದು ಹಗ್ಗ, ಅಕ್ಕಿಕಾಳು ಒಂದು, ಊಟದ ಪಂಕ್ತಿ ಒಂದು, ಹೆಣ್ಣ ಕಳಸೂದು ಒಂದು ಅಂತ ಬ್ಯಾರೆ ಬ್ಯಾರೆ ಮಾಡ್ಕೊಂಡು, ಕಡೀಕ ಅವನ್ನೆಲ್ಲಾ ಒಂದು ದೊಡ್ಡ ಟೈಮ್‌ಲೈನಿನ್ಯಾಗ ಇಡ್ತೀವಿ. ಟೈಮ್‌ಲೈನಿನೊಳಗ ಟೈಮ್‌ಲೈನ್. ಇದಕ್ಕ ನೆಸ್ಟ್ ಮಾಡೂದು ಅಂತಾರ. ಡಾವಿಂಚಿ ರಿಸಾಲ್ವ್ ಮತ್ತ ಫೈನಲ್ ಕಟ್‌ನ್ಯಾಗ ಇಂಥಾದ್ದಕ್ಕ ಕಾಂಪೌಂಡ್ ಕ್ಲಿಪ್ ಅಂತ ಹೆಸರು, ಅಡೋಬಿ ಪ್ರೀಮಿಯರ್‌ನ್ಯಾಗ ನೆಸ್ಟೆಡ್ ಸೀಕ್ವೆನ್ಸ್. ಹೆಸರು ಬ್ಯಾರೆ, ಸಂಗತಿ ಒಂದ.

ಎಳ್ಳಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗೂ ಮುಂದ ಬುತ್ತಿ ಕಟ್ಟತೀವಲ್ಲ, ಹಂಗ ಇದು. ರೊಟ್ಟಿ ಒಂದು ಅರಿವ್ಯಾಗ, ಕಡಬು ಒಂದು ಡಬ್ಬ್ಯಾಗ, ಪಲ್ಯ ಇನ್ನೊಂದ್ರಾಗ. ತಲಿ ಮ್ಯಾಲ ಹೊತ್ತಾಕಿಗೆ ಅದು ಒಂದ ಬುತ್ತಿ. ಬಿಚ್ಚಿ ನೋಡಿದಾಕಿಗೆ ಗಂಟಿನೊಳಗ ಗಂಟು.

ಆದ್ರ ಇಲ್ಲಿ ಒಂದು ಫರಕ್ ಐತಿ, ಅದನ್ನ ತಿಳಕೊಂಡ್ರ ಅರ್ಧಾ ಸಮಸ್ಯೆ ತಿಳದಂಗ. ಬುತ್ತಿಯೊಳಗ ಖರೇನ ರೊಟ್ಟಿ ಇರ್ತಾವು. ದೊಡ್ಡ ಟೈಮ್‌ಲೈನಿನೊಳಗ ಸಣ್ಣ ಟೈಮ್‌ಲೈನ್ ಇರೂದಿಲ್ಲ. ಅಲ್ಲಿ ಇರೂದು ಬರೇ ಒಂದು ಗುರುತು: "ಅಲ್ಲಿ ಹೋಗಿ ಅದನ್ನ ನೋಡು" ಅಂತ. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಹಂಗ. ಅದಕ್ಕ ಒಳಗಿನದನ್ನ ತಿದ್ದಿದ್ರ ಹೊರಗಿನದು ತಾನ ಬದಲಾಗಬೇಕು. ಮುಖಾ ತೊಳಕೊಂಡ್ರ ಕನ್ನಡ್ಯಾಗಿನ ಮುಖಾನೂ ಸ್ವಚ್ಛ ಕಾಣ್ತೈತಿ ಹೌದಲ್ಲೋ? ನೆಸ್ಟ್ ಮಾಡೂದರ ಲಾಭಾನ ಅದು. ಹಂಗಾರ ಹಳೀ ಮುಖಾ ಯಾಕ ಕಾಣಸ್ತೈತಿ?

ಯಾಕಂದ್ರ ಕನ್ನಡಿ ಮುಂದ ಒಂದು ಫೋಟೋ ಅಂಟಿಸಿಟ್ಟಿರ್ತಾರ.

ಆ ಫೋಟೋ ಯಾಕ ಬೇಕು ಅನ್ನೂದು ಲೆಕ್ಕಾ ಹಾಕಿದ್ರ ತಿಳೀತೈತಿ. ವಿಡಿಯೋ ಅಂದ್ರ ಭರಭರಾ ತಿರುವಿ ಹಾಕೂ ಚಿತ್ರಗಳು. ಒಂದು ಸೆಕೆಂಡಿಗೆ 25 ಚಿತ್ರ ಅಂತ ಹಿಡೀರಿ. ಅಂದ್ರ ಒಂದು ಚಿತ್ರ ತಯಾರು ಮಾಡಾಕ ಕಂಪ್ಯೂಟರಿಗೆ ಸಿಗೂದು 40 ಮಿಲಿಸೆಕೆಂಡ್, ಸೆಕೆಂಡಿನ್ಯಾಗ ಇಪ್ಪತ್ತೈದನೇ ಒಂದು ಪಾಲು. ನಾವು ಫುಲ್ ಎಚ್‌ಡಿ ಅಂತೀವಲ್ಲ, ಅದರ ಒಂದೊಂದು ಚಿತ್ರದಾಗ ಅಡ್ಡಕ್ಕ 1920, ಉದ್ದಕ್ಕ 1080, ಒಟ್ಟು 20,73,600 ಚುಕ್ಕಿ. 4ಕೆ ಆದ್ರ ಅದರ ನಾಕು ಪಟ್ಟು. ರಂಗೋಲಿ ಹಾಕೂ ಮುಂದ ಇಪ್ಪತ್ತೊಂದು ಚುಕ್ಕಿ ಇಟ್ರ ನಮಗ ಸೊಂಟ ಹಿಡೀತೈತಿ. ಇದು 40 ಮಿಲಿಸೆಕೆಂಡಿನ್ಯಾಗ ಇಪ್ಪತ್ತು ಲಕ್ಷ ಚುಕ್ಕಿಗೆ ಬಣ್ಣಾ ತುಂಬಬೇಕು.

ಮ್ಯಾಲ ಫೋನಿನ ವಿಡಿಯೋದ ಕಟಪಟಿ ಬ್ಯಾರೆ. ಜಾಗಾ ಉಳಸಾಕ ಅಂತ ಫೋನು ಎಲ್ಲಾ ಚಿತ್ರಾನೂ ಪೂರಾ ಬರಕೊಳ್ಳೂದಿಲ್ಲ. ಎಚ್.264, ಎಚ್‌ಇವಿಸಿ ಅನ್ನೂ ಪದ್ಧತಿಯೊಳಗ ಒಂದು ಚಿತ್ರ ಪೂರಾ ಬರದು, ಮುಂದಿನವಕ್ಕ ಏನೇನು ಬದಲಾತು ಅಷ್ಟ ಬರದಿಡ್ತೈತಿ. ಕಿರಾಣಿ ಅಂಗಡಿ ಉದ್ರಿ ವಹಿ ಇದ್ದಂಗ. ಇವತ್ತಿನ ಬಾಕಿ ಎಷ್ಟು ಅಂತ ಕೇಳಿದ್ರ ಹೋದ ತಿಂಗಳದ ಒಟ್ಟು ಹಿಡದು ಒಂದೊಂದು ಸಾಲು ಕೂಡಿಸ್ಕೋತ ಬರಬೇಕು. ನೋಡಾಕ ಇದು ತ್ರಾಸಿಲ್ಲ, ಜೋಡಸಾಕ ತ್ರಾಸು. ನಡುವ ಎಲ್ಲೋ ಒಂದ ಕಡೆ ಬಟ್ಟಿಟ್ರ ಕಂಪ್ಯೂಟರು ಹಿಂದಕ್ಕ ಹೋಗಿ ಒಟ್ಟು ಹುಡುಕಿ ಮತ್ತ ಕೂಡಿಸ್ಕೋತ ಬರಬೇಕು.

ಈಗ ಗಂಟಿನೊಳಗ ಗಂಟು ನೆನಸ್ರಿ. ಒಳಗಿನ ಟೈಮ್‌ಲೈನಿನ್ಯಾಗ ಎರಡು ವಿಡಿಯೋ ಬಾಜೂಬಾಜೂ ಐತಿ, ಅದರ ಮ್ಯಾಲ ಅಕ್ಷರ, ಅದಕ್ಕ ಬಣ್ಣ ತಿದ್ದೀರಿ. ಅದು ಇನ್ನೊಂದ್ರೊಳಗ ಕುಂತೈತಿ. ಅದು ಮತ್ತೊಂದ್ರೊಳಗ. ಹೊರಗಿನ ಒಂದು ಚಿತ್ರ ಬೇಕಂದ್ರ ಕಂಪ್ಯೂಟರು ಎಲ್ಲಾದ್ರಕಿಂತ ಒಳಗಿನದಕ್ಕ ಹೋಗಿ, ಎರಡೂ ವಿಡಿಯೋದ ಲೆಕ್ಕಾ ಬಿಚ್ಚಿ, ಬಣ್ಣಾ ಹಚ್ಚಿ, ಅಕ್ಷರ ಹಾಕಿ, ಹೊರಗ ಬಂದು, ಅಲ್ಲಿಂದ ಇನ್ನೂ ಹೊರಗ ಬರಬೇಕು. ಅದೂ 40 ಮಿಲಿಸೆಕೆಂಡಿನ್ಯಾಗ. ಆಗಲಿಲ್ಲಂದ್ರ ನಡುವಿನ ಚಿತ್ರ ಬಿಟ್ಟು ಮುಂದಿನದು ತೋರಸ್ತೈತಿ. ಅದನ್ನ ನಾವು "ನಿಂತ ನಿಂತ ಓಡ್ತೈತಿ" ಅಂತೀವಿ.

ಇದಕ್ಕ ಸಾಫ್ಟ್‌ವೇರ್ ಮಾಡಿದವರು ನಮ್ಮ ಅವ್ವಗೋಳ ಉಪಾಯಾನ ಹೂಡ್ಯಾರ. ಮನಿ ತುಂಬ ಬೀಗರು ಬಂದ್ರ ಯಾರರ ಒಬ್ಬೊಬ್ಬರಿಗೆ ಬಿಸಿರೊಟ್ಟಿ ಬಡೀತಾರೇನು? ನಾಕು ದಿನ ಮದಲ ಕಡಕ್ ರೊಟ್ಟಿ ಮಾಡಿ ಬುಟ್ಟಿ ತುಂಬಿಸಿ ಅರಿವಿ ಮುಚ್ಚಿಡ್ತಾರ. ಹೊತ್ತಿಗೆ ತಗದ ಹಾಕೂದು. ಕಂಪ್ಯೂಟರೂ ಹಂಗ. ನಾವು ಚಾ ಕುಡಿಯಾಕ ಎದ್ದಾಗ ಭಾರೀ ಇರೂ ಭಾಗಗೋಳನ್ನ ಮದಲ ತಯಾರ ಮಾಡಿ ಡಿಸ್ಕಿನ್ಯಾಗ ಇಟ್ಕೋತೈತಿ. ಆಮ್ಯಾಲ ಓಡಿಸಿದ್ರ ಒಲಿ ಹಚ್ಚೂದಿಲ್ಲ, ಬುಟ್ಟಿಯೊಳಗಿಂದ ತಗದು ತೋರಸ್ತೈತಿ. ಈ ಬುಟ್ಟೀಗೆ ಕ್ಯಾಶ್ ಅಂತ ಹೆಸರು. ರೊಕ್ಕದ ಕ್ಯಾಶ್ ಅಲ್ಲ. ಫ್ರೆಂಚ್ ಭಾಷಾದಾಗ ಬಚ್ಚಿಡೂದು ಅನ್ನೂ ಮಾತಿನಿಂದ ಬಂದದ್ದು.

ಯಾವ ಭಾಗ ಬುಟ್ಟಿ ಸೇರೈತಿ, ಯಾವುದು ಸೇರಿಲ್ಲ ಅಂತ ತಿಳ್ಯಾಕ ಟೈಮ್‌ಲೈನಿನ ಮ್ಯಾಲ ಒಂದು ಸಣ್ಣ ಗೆರಿ ಇರ್ತೈತಿ. ರಿಸಾಲ್ವ್‌ನ್ಯಾಗ ಕೆಂಪು ಇದ್ರ ಇನ್ನೂ ಆಗಬೇಕು, ನೀಲಿ ಆದ್ರ ತಯಾರೈತಿ. ಪ್ರೀಮಿಯರ್‌ನ್ಯಾಗ ಹಸರು ಆದ್ರ ತಯಾರು, ಕೆಂಪು ಇದ್ರ ಮಾಡಿಟ್ಟಿಲ್ಲ, ಓಡೂ ಮುಂದ ತಡವರಸಬಹುದು. ಹಳದಿ ಇದ್ರ ಮಾಡಿಟ್ಟಿಲ್ಲ, ಆದ್ರೂ ಬಹುತೇಕ ಓಡ್ತೈತಿ.

ಇಲ್ಲಿ ತನಕಾ ಎಲ್ಲಾ ಛಂದ. ತೊಂದರಿ ಎರಡು. ಒಂದು, ಬುಟ್ಟಿ ಇಡಾಕ ಜಾಗಾ ಇಲ್ಲದಿದ್ರ ರೊಟ್ಟಿ ಮಾಡಿಡಾಕ ಆಗೂದಿಲ್ಲ. ಎರಡು, ಹಿಟ್ಟು ಬದಲಾದ್ರೂ ಬುಟ್ಟ್ಯಾಗಿನ ರೊಟ್ಟಿ ಬದಲಾಗೂದಿಲ್ಲ. ಇವತ್ತು ಹಿಟ್ಟಿಗೆ ಉಪ್ಪು ಹಾಕಿದ್ರ ಮೊನ್ನಿ ಬಡದ ರೊಟ್ಟಿಗೆ ಉಪ್ಪು ಬರತೈತೇನು? ಒಳಗ ತಿದ್ದಿದ ಕೂಡ್ಲೆ ಸಾಫ್ಟ್‌ವೇರು "ಈ ಬುಟ್ಟಿ ಹಳೇದಾತು, ಹೊಸದು ಮಾಡು" ಅಂತ ತಾನ ತಿಳಕೊಂಡು ಗೆರಿ ಕೆಂಪು ಮಾಡಬೇಕು. ಒಂದ ಪದರು ಇದ್ರ ಬಹುತೇಕ ತಿಳಕೋತೈತಿ. ಗಂಟಿನೊಳಗ ಗಂಟು ಮೂರು ನಾಕು ಪದರು ಆದಾಗ ಒಳಗಿನ ಸುದ್ದಿ ಹೊರಗಿನ ತನಕಾ ಕೆಲವೊಮ್ಮೆ ಮುಟ್ಟೂದಿಲ್ಲ. ಕೂಡು ಮನ್ಯಾಗ ಅಡಗಿಮನಿ ಮಾತು ಪಡಸಾಲಿಗೆ ಮುಟ್ಟದಂಗ.

ನಮ್ಮ ಮನ್ಯಾಗ ಆದದ್ದು ಎರಡೂ ಒಂದ ಸಲ. ಅದನ್ನ ಹೇಳ್ತೀನಿ. ಯಾವ ಸಾಫ್ಟ್‌ವೇರು ಅಂತ ಹೆಸರು ಹಿಡಿಯೂದಿಲ್ಲ. ಈ ಸಂಗತಿ ಎಲ್ಲಾದ್ರಾಗೂ ಒಂದಿಲ್ಲೊಂದು ರೀತಿ ಬರೂದ ಐತಿ.

ಇಳಕಲ್ಲ ದೊಡ್ಡವ್ವ ನಿಮಗೆಲ್ಲಾ ಗೊತ್ತು. ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಳಂದ್ರ ಮಧ್ಯಾನ್ನದ ಊಟಕ್ಕ ಕರದ್ರೂ ಏಳ್ತಿರಲಿಲ್ಲ. ಅಕಿ ಹೋಗೂಕಿಂತ ಮದಲಿನ ಎರಡು ಚಳಿಗಾಲ ನಾವು ಅಕ್ಕತಂಗೇರು ಬಾಗಲಕೋಟಿಯಿಂದ, ಬಾದಾಮಿಯಿಂದ ಹೋದಾಗೆಲ್ಲಾ ಫೋನಿನ್ಯಾಗ ಅಕಿ ಕೆಲಸಾ, ಮಾತು ಹಿಡದಿಟ್ಟಿದ್ವಿ. ವರ್ಷದ ತಿಥಿಗೆ ಅವನ್ನೆಲ್ಲಾ ಜೋಡಿಸಿ ಒಂದು ಇಪ್ಪತ್ತು ನಿಮಿಷದ ವಿಡಿಯೋ ಮಾಡೂದು ಅಂತ ಮಾತಾತು. ನಾ ಐದು ಭಾಗ ಮಾಡಿದೆ: ಹಾಸು, ಕೊಂಡಿ, ದಡಿ, ಸೆರಗು, ಮನಿ ಮಾತು. ಐದೂ ಬ್ಯಾರೆ ಬ್ಯಾರೆ ಟೈಮ್‌ಲೈನು, ಐದೂ ಕೂಡಿ ಒಂದ್ರೊಳಗ.

ಎಲ್ಲಾದ್ರಾಗ ಬೆಲಿ ಇದ್ದದ್ದು ಕೊಂಡಿ ಭಾಗಕ್ಕ. ಇಳಕಲ್ಲ ಸೀರಿ ಉಟ್ಟವರಿಗೂ ಇದು ಗೊತ್ತಿರೂದಿಲ್ಲ, ಅದಕ್ಕ ಹೇಳ್ತೀನಿ. ಬ್ಯಾರೆ ಊರಿನ ಸೀರ್ಯಾಗ ಸಾಮಾನ್ಯವಾಗಿ ಒಡಲಿಗೆ, ಸೆರಗಿಗೆ ಹಾಸು ಒಂದ ಇರ್ತೈತಿ. ಇಳಕಲ್ಲದಾಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲು ಹತ್ತಿ ಇದ್ರೂ ಸೆರಗು ಕೆಂಪು ರೇಷ್ಮಿ. ಈ ಎರಡೂ ಹಾಸಿನ ಎಳಿ ಕುಣಿಕಿಗೆ ಕುಣಿಕಿ ಸಿಗಿಸಿ ಕೂಡಸಬೇಕು. ಅದ ಕೊಂಡಿ. ಒಂದೊಂದು ಸೀರಿಗೂ ಹಿಂಗ ಕೂಡಸಬೇಕಾಗಿದ್ದಕ್ಕ ಹಾಸನ್ನೂ ಒಂದು ಸೀರಿ ಉದ್ದಕ್ಕ ಹಾಕ್ತಾರ. ತೋಪ ತೆನಿ ಸೆರಗು ಅಂತ ಹೆಸರಾದದ್ದು ಈ ಕೆಲಸಾನ. ಕೈ ಹೆಂಗ ತಿರುಗ್ತೈತಿ ಅನ್ನೂದನ್ನ ಬಾಯಿಲೆ ಹೇಳಾಕ ಬರೂದಿಲ್ಲ, ನೋಡಬೇಕು. ಅದಕ್ಕ ಆ ಭಾಗಕ್ಕ ಎರಡು ಫೋನಿನ ವಿಡಿಯೋ ಬಾಜೂಬಾಜೂ ಇಟ್ಟಿದ್ದೆ. ಒಂದ್ರಾಗ ದೊಡ್ಡವ್ವನ ಮುಖಾ, ಇನ್ನೊಂದ್ರಾಗ ಅಕಿ ಬೆರಳು. ಅದೂ ಒಂದು ಒಳಗಂಟು. ದೊಡ್ಡವ್ವನ ಸೊಸಿ, ನಮ್ಮ ವೈನಿ, ಇದನ್ನ ನೋಡಿ ಕಲಿಯಾಕ ಕುಂತಿದ್ಲು.

ಬಿಡಿ ಬಿಡಿ ಓಡಿಸಿದಾಗ ಯಾವ ತ್ರಾಸೂ ಇರಲಿಲ್ಲ. ಐದೂ ಕೂಡಿಸಿ ಓಡಿಸಿದಾಗ ಕೊಂಡಿ ಭಾಗ ತಡವರಸಾಕ ಹತ್ತಿತು. ದೊಡ್ಡವ್ವ ಎರಡು ಎಳಿ ಹಿಡದು ಬೆರಳು ತಿರುವೂ ಹೊತ್ತಿಗೆ ಬರೋಬ್ಬರಿ ಚಿತ್ರ ನಿಲ್ಲೂದು. ಮುಂದ ಓಡಿದಾಗ ಕೊಂಡಿ ಬಿದ್ದ ಬಿಟ್ಟಿರ್ತಿತ್ತು. ದನಿ ಮಾತ್ರ ನಿಲ್ಲದ ಹೋಗ್ತಿತ್ತು. "ಹಿಂಗ ತಿರುವಬೇಕು ನೋಡು" ಅಂತ ದನಿ ಬರೂದು, ತಿರುವಿದ್ದು ಕಾಣಸೂದಿಲ್ಲ. ವೈನಿ ಮೂರು ಸಲ ಹಿಂದಕ್ಕ ಹಾಕಿಸಿ ನೋಡಿದ್ಲು, "ಇಷ್ಟು ವರ್ಷ ಬಾಜೂಕ ಕುಂತು ನೋಡದ್ದನ್ನ ಈಗ ನೋಡ್ತೀನಂದ್ರ ಅತ್ತಿ ತೋರಸವಲ್ಲಳು" ಅಂತ ನಕ್ಕಂಗ ಮಾಡಿ ಕಣ್ಣು ಒರಸ್ಕೊಂಡ್ಲು.

ಎರಡನೇದು ಸೆರಗಿನ ಭಾಗದ ಹೆಸರು. ಸೆರಗಿನ ಬಿಳಿ ವಿನ್ಯಾಸಕ್ಕ ಒಂದೊಂದು ಹೆಸರು ಅದಾವು. ಹಣಿಗಿ ಅಂದ್ರ ತಲಿ ಬಾಚೂ ಹಣಿಗಿ ಹಲ್ಲಿನಂಗ, ತೆನಿ ಅಂದ್ರ ಜ್ವಾಳದ ತೆನಿಯಂಗ. ಮನ್ಯಾಗಿನ ಹುಡುಗ ಬರದ್ಕೊಟ್ಟ ಪಟ್ಟ್ಯಾಗ ಹಣಿಗಿ ಇದ್ದಲ್ಲಿ ತೆನಿ ಅಂತಿತ್ತು. ಹುನಗುಂದದ ಚಿಗವ್ವ ನೋಡಿದಾಕಿನ, "ಇದು ತೆನಿ ಅಲ್ಲವಾ, ಹಣಿಗಿ. ನಿಮ್ಮ ದೊಡ್ಡವ್ವ ಇದ್ದಿದ್ರ ಎದ್ದ ಹೋಗ್ತಿದ್ಲು" ಅಂದ್ಲು. ಒಳಗಿನ ಟೈಮ್‌ಲೈನ್ ತಗದು ಹಣಿಗಿ ಅಂತ ತಿದ್ದಿದೆ. ಒಳಗ ಹಣಿಗಿ ಆತು. ಹೊರಗ ಬಂದು ನೋಡಿದ್ರ ತೆನಿ. ಮತ್ತ ಒಳಗ ಹೋದ್ರ ಹಣಿಗಿ, ಹೊರಗ ತೆನಿ. ಚಿಗವ್ವ ಚಷ್ಮಾ ಏರಿಸಿ, "ನಿನ್ನ ಕಂಪ್ಯೂಟರಿಗೆ ಹಟಾ ಭಾಳ" ಅಂದ್ಲು.

ಹಟಾ ಅಲ್ಲ, ಬುಟ್ಟಿ. ಡಿಸ್ಕ್ ನೋಡಿದೆ. 256 ಜಿಬಿಯೊಳಗ ಉಳದದ್ದು 11. ಬುಟ್ಟ್ಯಾಗ ಕೂಡ್ರೂ ವಿಡಿಯೋ ಫೋನಿನ್ಯಾಗಿನಷ್ಟು ಒತ್ತಿ ಸಣ್ಣ ಮಾಡಿದ್ದು ಇರೂದಿಲ್ಲ. ಲಗೂನ ಓಡ್ಲಿ ಅಂತ ಎಲ್ಲಾ ಚಿತ್ರಾನೂ ಪೂರಾ ಪೂರಾ ಬರದಿಡ್ತೈತಿ. ಪ್ರೊರೆಸ್ 422 ಎಚ್‌ಕ್ಯೂ ಅನ್ನೂ ಪದ್ಧತಿಯೊಳಗ ಫುಲ್ ಎಚ್‌ಡಿ ವಿಡಿಯೋ ಸೆಕೆಂಡಿಗೆ ಸುಮಾರು 23 ಎಂಬಿ, ಅಂದ್ರ ನಿಮಿಷಕ್ಕ ಹತ್ತಿರ ಹತ್ತಿರ 1.4 ಜಿಬಿ ನುಂಗ್ತೈತಿ. ಇಪ್ಪತ್ತು ನಿಮಿಷಕ್ಕ 28 ಜಿಬಿ. ಹಳೀ ಬುಟ್ಟಿ ಖಾಲಿ ಆಗಿಲ್ಲ, ಹೊಸ ಬುಟ್ಟಿಗೆ ಜಾಗಿಲ್ಲ. ಮಾಡಿಟ್ಟ ಹಳೀ ಭಾಗದಾಗ ಹಳೀ ಹೆಸರು, ಮಾಡಾಕಾಗದ ಹೊಸ ಭಾಗದಾಗ ತಡವರಿಕಿ. ಎರಡೂ ಜಡ್ಡಿಗೂ ಮದ್ದು ಒಂದ: ಹಳೀ ಕ್ಯಾಶ್ ಪೂರಾ ಅಳಿಸಿ, ಜಾಗಾ ಮಾಡಿ, ಹೊಸದಾಗಿ ಮಾಡಿಸೂದು.

ಮೆನುವಿನ್ಯಾಗ ಅದನ್ನ ಒತ್ತಿದೆ. "ಎಲ್ಲಾ ಅಳಿಸಲೇನು?" ಅಂತ ಕೇಳ್ತು. ಬಾಜೂಕ ದೊಡ್ಡವ್ವನ ಮಗಳು, ನಮ್ಮ ಅಕ್ಕ ಕುಂತಿದ್ಲು. ಗಪ್ಪನ ನನ್ನ ಕೈ ಹಿಡದ್ಲು. "ಬ್ಯಾಡ ತಂಗಿ, ಅಳಸಬ್ಯಾಡ. ನಿಂತ ನಿಂತ ಓಡಿದ್ರ ಓಡ್ಲಿ. ಹೆಸರು ತಪ್ಪಿದ್ರ ತಪ್ಲಿ. ಅವ್ವ ಇರ್ಲಿ."

ಅಕಿ ಅಂಜಿಕಿ ಸುಳ್ಳಲ್ಲ. ಪಡದಿ ಮ್ಯಾಲ ಕಾಣೂದ ಅವ್ವ, ಅದನ್ನ ಅಳಸೂದಂದ್ರ ಅವ್ವನ್ನ ಅಳಸಿದಂಗ. ಎಷ್ಟು ಮನ್ಯಾಗ ಫೋನ್ ತುಂಬೇತಂತ ಏನೇನೋ ಅಳಸಾಕ ಹೋಗಿ ಹೋದವರ ದನಿ ಹೋಗಿಲ್ಲ? ಅಕಿಗೆ "ಏನಾಗೂದಿಲ್ಲ ಬಿಡು" ಅಂದ್ರ ಸಮಾಧಾನ ಆಗೂ ಮಾತಲ್ಲ ಅದು. ಅದಕ್ಕ "ಬ್ಯಾಡ" ಅಂತ ಒತ್ತಿ ಹೊರಗ ಬಂದೆ. ಕಂಪ್ಯೂಟರಿನ ಎರಡು ಕೋಣಿ ಅಕಿಗೆ ತೋರಿಸಿದೆ.

"ಅಕ್ಕಾ, ಇದು ಹಗೇವು. ಫೋನಿನಿಂದ ತಂದ ಮೂಲ ವಿಡಿಯೋ ಎಲ್ಲಾ ಇದರಾಗ ಅದಾವು. ಸಾಫ್ಟ್‌ವೇರು ಇವನ್ನ ಓದತೈತಿ ಅಷ್ಟ. ನಾ ಕತ್ತರಿಸಿದ್ರೂ, ಬಣ್ಣ ತಿದ್ದಿದ್ರೂ ಇವಕ್ಕ ಒಂದು ಗೀರೂ ಬೀಳೂದಿಲ್ಲ. ಎಲ್ಲಿಂದ ಎಲ್ಲಿ ತನಕಾ ತೋರಸಬೇಕು ಅನ್ನೂ ಚೀಟಿ ಮಾತ್ರ ಬ್ಯಾರೆ ಇರ್ತೈತಿ. ಇನ್ನ ಇದು ನೋಡು, ಬುಟ್ಟಿ. ಹಗೇವಿನ ಜ್ವಾಳದಿಂದ ಮಾಡಿಟ್ಟ ರೊಟ್ಟಿ ಇದರಾಗ ಅದಾವು. ನಾ ಚೆಲ್ಲೂದು ಇದನ್ನ."

"ಜ್ವಾಳ ಇದ್ರ ರೊಟ್ಟಿ ಮತ್ತ ಆಗ್ತಾವು ಹೌದಿಲ್ಲೋ?" ಅಂತ ಅಕಿನ ಕೇಳಿದ್ಲು. ಹೌದು, ಅಷ್ಟ. ಆದ್ರೂ ನಾ ಅಳಸಲಿಲ್ಲ. ಮದಲು ಹಗೇವಿನ ನಕಲು ಮಾಡಿದ್ವಿ. ಒಂದು ಹಾರ್ಡ್ ಡಿಸ್ಕ್ ಇಳಕಲ್ಲದಾಗ ಅಕ್ಕನ ತಿಜೂರ್ಯಾಗ, ಒಂದು ಬಾದಾಮಿ ತಂಗಿ ಮನ್ಯಾಗ, ಒಂದು ನನ್ನ ಹತ್ರ. ಚೀಟಿಯ ನಕಲೂ, ಅಂದ್ರ ಪ್ರಾಜೆಕ್ಟಿನ ನಕಲೂ ಅವುಗಳ ಜೋಡಿ. ನಕಲು ಮಾಡಿದ ವಿಡಿಯೋ ಒಂದೊಂದ ತಗದು ಓಡಿಸಿ ನೋಡಿದ್ವಿ. ಬರೇ ಹೆಸರು ಕಂಡ್ರ ಸಾಲದು, ಓಡಿ ನೋಡಬೇಕು. ಅದಕ್ಕ ಒಂದು ಸಂಜಿ ಪೂರಾ ಹೋತು. ಹೋದ್ರ ಹೋಗ್ಲಿ, ನಡುನಡುವ ದೊಡ್ಡವ್ವ ಬೈದದ್ದು, ಕೆಮ್ಮಿದ್ದು, "ಫೋನ್ ಒಳಗಿಟ್ಟು ಚಾ ಕುಡೀರಿ" ಅಂದದ್ದು ಎಲ್ಲಾ ಕೇಳಿದ್ವಿ. ಆಮ್ಯಾಲ "ಎಲ್ಲಾ ಅಳಿಸಲೇನು?" ಅನ್ನೂದಕ್ಕ ಹೌದು ಅಂತ ಒತ್ತಿದಾಕಿ ಅಕ್ಕ. ತಾನ ಒತ್ತಿದ್ಲು.

ಡಿಸ್ಕಿನ್ಯಾಗ ಅರವತ್ತು ಜಿಬಿ ಮ್ಯಾಲ ಜಾಗಾ ಬಿಚ್ಚಿತು. ಗೆರಿ ಪೂರಾ ಕೆಂಪಾತು. ರಾತ್ರಿ ಕಂಪ್ಯೂಟರು ಚಾಲೂ ಬಿಟ್ಟು ಮಲ್ಕೊಂಡ್ವಿ. ಮುಂಜಾನೆ ನೋಡಿದ್ರ ಹೊಸಾ ಬುಟ್ಟಿ ತುಂಬಿತ್ತು, ಸೆರಗಿನ ಮ್ಯಾಲ ಹಣಿಗಿ ಅಂತ ಬಂದಿತ್ತು. ದೊಡ್ಡವ್ವನ ಬೆರಳು ಎಲ್ಲೂ ನಿಲ್ಲದ ಕುಣಿಕಿಯೊಳಗ ಕುಣಿಕಿ ಸಿಗಿಸಿ ತಿರುವಿದ್ವು. ವೈನಿ ಅದನ್ನ ಎಷ್ಟು ಸಲ ಹಾಕಿಸ್ಕೊಂಡ್ಲು ಅಂತ ಲೆಕ್ಕಾ ಇಡಲಿಲ್ಲ. ಮರುವಾರ ಮಗ್ಗದ ಕುಣ್ಯಾಗ ತಾನ ಇಳದ್ಲು. ಮದಲನೇ ದಿನ ಹಿಡದ ಎಳಿಗಿಂತ ಹರದ ಎಳಿ ಹೆಚ್ಚಿಗಿದ್ವು ಅಂತ ಫೋನ್ ಮಾಡಿ ಹೇಳಿದ್ಲು. ಆದ್ರೂ ಅಕಿ ದನಿ ಖುಷಿಲೆ ಇತ್ತು.

ಈಗ ನೀವು ಕೇಳಿದ್ದಕ್ಕ ಬರೂಣು. ನಿಮ್ಮ ಮನ್ಯಾಗ ಹಿಂಗಾದ್ರ ಈ ಪ್ರಕಾರ ಮಾಡ್ರಿ.

ಮದಲು ಜಡ್ಡು ಯಾವುದು ಅಂತ ಗುರುತ ಹಿಡೀರಿ. ಒಳಗಿನ ಟೈಮ್‌ಲೈನ್ ತಗದು ಓಡಿಸ್ರಿ, ಆಮ್ಯಾಲ ಹೊರಗಿನದು. ಒಳಗ ಹೊಸದು, ಹೊರಗ ಹಳೇದು ಕಂಡ್ರ ಅದು ಹಳಸಿದ ಬುಟ್ಟಿ. ಎರಡೂ ಕಡೆ ಚಿತ್ರ ಸರಿ ಐತಿ, ಬರೇ ತಡವರಸ್ತೈತಿ ಅಂದ್ರ ಅದು ಕಂಪ್ಯೂಟರಿನ ಶಕ್ತಿ ಸಾಲವಲ್ದು.

ಬುಟ್ಟಿ ಹಳಸಿದ್ರ, ಕ್ಯಾಶ್ ಬಂದ್ ಮಾಡಿ ಒಮ್ಮೆ ನೋಡ್ರಿ. ರಿಸಾಲ್ವ್‌ನ್ಯಾಗ ಪ್ಲೇಬ್ಯಾಕ್ ಮೆನುವಿನ್ಯಾಗ ರೆಂಡರ್ ಕ್ಯಾಶ್ ಅಂತ ಐತಿ, ಅದನ್ನ ನನ್ ಅಂತ ಇಡೂದು. ಈಗ ಹೊಸ ಹೆಸರು ಕಂಡ್ರ, ತಡವರಿಸಿದ್ರೂ ಚಿಂತಿಲ್ಲ, ನಿಮ್ಮ ಕೆಲಸ ಸರಿ ಐತಿ ಅಂತ ಖಾತ್ರಿ ಆತು. ಅಲ್ಲೇ ಕೆಳಗ ಡಿಲೀಟ್ ರೆಂಡರ್ ಕ್ಯಾಶ್ ಅಂತ ಐತಿ. ಅದರಾಗ ಎಲ್ಲಾ ಅಳಸಬಹುದು, ಬಳಕಿ ಇಲ್ಲದ್ದಷ್ಟ ಅಳಸಬಹುದು, ಆರಿಸಿದ ತುಂಡಿಂದಷ್ಟ ಅಳಸಬಹುದು. ಒಂದ ಭಾಗ ಹಳಸಿದ್ರ ಅಷ್ಟನ್ನ ಚೆಲ್ರಿ, ಬುಟ್ಟಿ ಪೂರಾ ಯಾಕ? ಆಮ್ಯಾಲ ಕ್ಯಾಶ್ ಮತ್ತ ಚಾಲೂ ಮಾಡ್ರಿ.

ಶಕ್ತಿ ಸಾಲದಿದ್ರ, ಮದಲು ಡಿಸ್ಕಿನ್ಯಾಗ ಜಾಗಾ ನೋಡ್ರಿ. ಆಮ್ಯಾಲ ಓಡಿಸೂ ಮುಂದಿನ ಗುಣಮಟ್ಟ ಅರ್ಧಕ್ಕೋ ಕಾಲಿಗೋ ಇಳಸ್ರಿ. ಅದು ನೋಡಾಕಷ್ಟ ಮಬ್ಬು, ಕಡೀ ವಿಡಿಯೋಕ್ಕ ಏನೂ ಆಗೂದಿಲ್ಲ. ಪ್ರಾಕ್ಸಿ ಅಂತ ಇನ್ನೊಂದು ಐತಿ. ಮೂಲ ವಿಡಿಯೋದ ಹಗುರ ನಕಲು ಮಾಡ್ಕೊಂಡು ಅದರ ಮ್ಯಾಲ ಕೆಲಸಾ ಮಾಡಿ, ಕಡೀಕ ಮೂಲಕ್ಕ ಹೊಳ್ಳೂದು. ಹಳೀ ಕಂಪ್ಯೂಟರಿನವರಿಗೆ ಇದು ದೊಡ್ಡ ಆಸರ.

ಗಂಟಿನ ಪದರು ಕಡಿಮಿ ಮಾಡ್ರಿ. ಒಂದ ಪದರಿಗೆ ಮುಗದ್ರ ಛಲೋ. ಯಾವುದರ ಭಾಗ ಪೂರಾ ಮುಗೀತು, ಇನ್ನ ತಿದ್ದೂದಿಲ್ಲ ಅಂತ ಖಾತ್ರಿ ಆದ್ರ ಅದನ್ನ ಒಂದ ಬಿಡಿ ವಿಡಿಯೋ ಮಾಡಿ ಹೊರಗ ತಗದು ಗಂಟಿನ ಜಾಗಾದಾಗ ಇಡಬಹುದು. ಆಮ್ಯಾಲ ಯಾರರ ಚಿಗವ್ವ ಬಂದು ಹೆಸರು ತಪ್ಪೇತಂದ್ರ ಬೇಕಾಗ್ತೈತಿ, ಗಂಟು ಬಿಸಾಡಬ್ಯಾಡ್ರಿ, ಬಾಜೂಕ ಇಡ್ರಿ.

ಕಡೀ ವಿಡಿಯೋ ತಗಿಯೂ ಮುಂದ ಒಂದು ಕಣ್ಣಿಡ್ರಿ. ರಿಸಾಲ್ವ್‌ನ್ಯಾಗ ಯೂಸ್ ರೆಂಡರ್ ಕ್ಯಾಶ್ಡ್ ಇಮೇಜಸ್, ಪ್ರೀಮಿಯರ್‌ನ್ಯಾಗ ಯೂಸ್ ಪ್ರೀವ್ಯೂಸ್ ಅಂತ ಒಂದು ಚೌಕ ಇರ್ತೈತಿ. ಅದಕ್ಕ ಗುರುತು ಹಾಕಿದ್ರ ಬುಟ್ಟ್ಯಾಗಿನ ರೊಟ್ಟಿನ ಬೀಗರ ತಾಟಿಗೆ ಹೋಗ್ತಾವು. ಬುಟ್ಟಿ ಮ್ಯಾಲ ಸಂಶಯ ಇದ್ರ ಗುರುತು ತಗೀರಿ. ವ್ಯಾಳ್ಯಾ ಹೆಚ್ಚು ಹಿಡೀತೈತಿ, ಆದ್ರ ಎಲ್ಲಾ ಬಿಸಿರೊಟ್ಟಿ. ತಗದ ಮ್ಯಾಲ ಮದಲಿಂದ ಕಡೀತನಕಾ ಒಮ್ಮೆ ಕುಂತು ನೋಡ್ರಿ. ಮಂದಿ ಮುಂದ ಹಾಕಿದಾಗ ನೋಡೂದಲ್ಲ.

ಇನ್ನ ಎಲ್ಲಾದ್ರಕಿಂತ ದೊಡ್ಡ ಮಾತು ಹಗೇವಿಂದು. ಕ್ಯಾಶ್ ಹೋದ್ರ ಒಂದು ರಾತ್ರಿ ಹೋಗ್ತೈತಿ. ಮೂಲ ಹೋದ್ರ ಮನಿಶ್ಯಾನ ಹೋದಂಗ. ಮೂಲ ವಿಡಿಯೋ ಫೋನಿನ್ಯಾಗಷ್ಟ ಇಡಬ್ಯಾಡ್ರಿ. ಬ್ಯಾರೆ ಬ್ಯಾರೆ ಮನ್ಯಾಗ ಇರೂಹಂಗ ಕಡಿಮಿ ಅಂದ್ರ ಎರಡು ನಕಲು ಮಾಡ್ರಿ. ವಾಟ್ಸಾಪಿನ್ಯಾಗ ಸುಮ್ಮನ ವಿಡಿಯೋ ಕಳಿಸಿದ್ರ ಅದು ಒತ್ತಿ ಸಣ್ಣ ಮಾಡಿ ಕಳಸ್ತೈತಿ. ನೋಡಾಕ ನಡೀತೈತಿ, ಮೂಲ ಅಂತ ಇಡಾಕ ನಡಿಯೂದಿಲ್ಲ. ಡಾಕ್ಯುಮೆಂಟ್ ಅಂತ ಆರಿಸಿ ಕಳಸ್ರಿ, ಇಲ್ಲಾ ಪೆನ್‌ಡ್ರೈವಿನ್ಯಾಗ ಕೊಡ್ರಿ. ಯಾವುದನ್ನರ ಅಳಸೂ ಮದಲು ಒಂದ ಪ್ರಶ್ನೆ ಕೇಳ್ಕೋರಿ: ಇದು ರೊಟ್ಟಿಯೋ, ಜ್ವಾಳೋ? ರೊಟ್ಟಿ ಆದ್ರ ಅಂಜಬ್ಯಾಡ್ರಿ. ಜ್ವಾಳ ಆದ್ರ ಯಾರು ಎಷ್ಟ ಹೇಳಿದ್ರೂ ಕೈ ಹಚ್ಚಬ್ಯಾಡ್ರಿ.

ಬಾದಾಮಿ ತಂಗಿ ಕಡೆ ಬನಶಂಕರಿ ಜಾತ್ರ್ಯಾಗ ದೊಡ್ಡವ್ವ ಬಳಿ ಇಡಿಸ್ಕೊಳ್ಳೂದು ಒಂದು ವಿಡಿಯೋ ಐತಂತ, ಈಗ ಹೇಳಾಕತ್ತಾಳ. ನಿಮ್ಮ ಯಾರ ಹತ್ರರ ದೊಡ್ಡವ್ವ ಇದ್ದ ವಿಡಿಯೋ, ಎಷ್ಟ ಅಲುಗಾಡಿದ್ರೂ, ಎಷ್ಟ ಮಬ್ಬಿದ್ರೂ, ಇದ್ರ ಪೆನ್‌ಡ್ರೈವಿನ್ಯಾಗ ಹಾಕಿ ಇಳಕಲ್ಲ ಅಕ್ಕನ ಕೈಗೆ ಮುಟ್ಟಸ್ರಿ. ಆರನೇ ಭಾಗಕ್ಕ ಜಾಗಾ ಐತಿ. ಬರೂ ಸಲ ಹಾಗಲಕಾಯಿ ಗೊಜ್ಜಿನ ಬಗ್ಗೆ ಬರೀತೀನಿ, ಒಲಿ ಹಚ್ಚಿ ಕುಂತಿರ್ರಿ.